ಪ್ರತಿ ರೋಗಕ್ಕೂ ಔಷಧವಿದೆ. ಅದನ್ನು ಅರಿಯುವ ಹೊಣೆ ಯಾರದು?

ಔಷಧವನ್ನು ಇಳಿಸದೆ ಅಲ್ಲಾಹನು ಯಾವ ರೋಗವನ್ನೂ ಇಳಿಸಿಲ್ಲ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಚಿರಪರಿಚಿತ. ಯುನಾನಿ ದವಾಖಾನೆಯ ಗೋಡೆಯ ಮೇಲೆ, ಗಿಡಮೂಲಿಕೆಯ ಪುಡಿ ಮಾರುವವರ ಡಬ್ಬಿಯ ಮೇಲೆ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಈ ಮಾತನ್ನು ನಾವು ಓದುತ್ತಲೇ ಇರುತ್ತೇವೆ. ಆದರೆ ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರಿಂದ ವರದಿಯಾಗಿ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿ ದಾಖಲಾಗಿರುವ ಹದೀಸಿನಲ್ಲಿ ಈ ಬೋಧನೆಗೆ ಎರಡನೆಯ ಭಾಗವೂ ಇದೆ. ಆ ಔಷಧವನ್ನು ಅರಿತವರು ಅರಿತಿರುವರು, ಅರಿಯದವರು ಅರಿಯದೆ ಉಳಿದಿರುವರು ಎಂಬುದು ಅದರ ಆಶಯ. ಮೊದಲ ಭಾಗ ಭರವಸೆಯಾದರೆ ಎರಡನೆಯದು ಹೊಣೆಗಾರಿಕೆ. ಔಷಧವಿರುವುದು ಅಲ್ಲಾಹನ ಅನುಗ್ರಹ. ಯಾವ ರೋಗಕ್ಕೆ ಯಾವುದು, ಎಷ್ಟು, ಯಾವಾಗ ಎಂಬುದನ್ನು ಅರಿಯುವುದು ಮನುಷ್ಯನಿಗೆ ವಹಿಸಲಾದ ಕೆಲಸ.

ನಮ್ಮ ಪೂರ್ವಿಕ ವೈದ್ಯರು ಈ ಎರಡನೆಯ ಭಾಗವನ್ನು ಹೇಗೆ ಅರ್ಥಮಾಡಿಕೊಂಡರು? ಗಿಡಮೂಲಿಕೆಗಳನ್ನು ಅವರು ನಂಬಿದ್ದು ಮಾತ್ರವೇ, ಅಥವಾ ಪರೀಕ್ಷಿಸಿದರೇ? ಉರಿಯೂತವನ್ನು ಶಮನಗೊಳಿಸುವ ಔಷಧಗಳ ಇತಿಹಾಸದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ.

ಬಾವಿಗೆ ಮದ್ದು ಹುಡುಕಿದವರು

ಕೆಂಪಾಗುವಿಕೆ, ಬಾವು, ಬಿಸಿ, ನೋವು: ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ರೋಮಿನ ಲೇಖಕ ಸೆಲ್ಸಸ್ ಕ್ರಿಸ್ತಶಕ ಮೊದಲ ಶತಮಾನದಲ್ಲೇ ಬರೆದಿಟ್ಟಿದ್ದನು. ಅರಬೀ ವೈದ್ಯಗ್ರಂಥಗಳಲ್ಲಿ ಇದಕ್ಕೆ 'ವರಮ್' ಎಂಬ ಪದವಿದೆ. ಬಾವನ್ನು ಕರಗಿಸುವ ಮದ್ದುಗಳಿಗೆ ಯುನಾನಿ ವೈದ್ಯಪದ್ಧತಿಯು 'ಮುಹಲ್ಲಿಲೆ ಅವ್ರಾಮ್' ಎಂದು ಪ್ರತ್ಯೇಕ ವರ್ಗವನ್ನೇ ಮಾಡಿತ್ತು. ಅಂದರೆ ಇಂದು ಪ್ರಯೋಗಾಲಯಗಳು ಉರಿಯೂತ ಶಮನಕಾರಿ ಎಂದು ಕರೆಯುವ ವಸ್ತುಗಳನ್ನು ಅವರು ಬೇರೆ ಹೆಸರಿನಲ್ಲಿ ಹುಡುಕುತ್ತಿದ್ದರು.

ಈ ಹುಡುಕಾಟದ ಮೊದಲ ತೊಡಕು ಹೆಸರಿನದು. ಗ್ರೀಕ್ ವೈದ್ಯ ಡಯೋಸ್ಕೊರಿಡೀಸನ ಸಸ್ಯಗ್ರಂಥವು 9ನೇ ಶತಮಾನದ ಬಗ್ದಾದಿನಲ್ಲಿ ಅರಬೀ ಭಾಷೆಗೆ ಬಂತು. ಇಸ್ತಿಫಾನ್ ಇಬ್ನು ಬಸೀಲ್ ಅನುವಾದಿಸಿ, ಹುನೈನ್ ಇಬ್ನು ಇಸ್‌ಹಾಕ್ ಅದನ್ನು ಪರಿಷ್ಕರಿಸಿದರು. ಆದರೆ ಅನೇಕ ಗಿಡಗಳ ಹೆಸರುಗಳು ಗ್ರೀಕ್ ರೂಪದಲ್ಲೇ ಉಳಿದವು. ಹೆಸರು ತಿಳಿದಿದೆ, ಗಿಡ ಯಾವುದೆಂದು ತಿಳಿಯದು. 948ರಲ್ಲಿ ಬೈಝಾಂಟೈನ್ ಚಕ್ರವರ್ತಿಯು ಸ್ಪೇನಿನ ಕೊರ್ಡೋಬಾದ ಖಲೀಫ ಮೂರನೇ ಅಬ್ದುರ್ರಹ್ಮಾನರಿಗೆ ಅದೇ ಗ್ರಂಥದ ಸಚಿತ್ರ ಗ್ರೀಕ್ ಪ್ರತಿಯನ್ನು ಉಡುಗೊರೆಯಾಗಿ ಕಳುಹಿಸಿದನು. ಅಲ್ಲಿ ಗ್ರೀಕ್ ಓದಬಲ್ಲವರೇ ಇರಲಿಲ್ಲ. 951ರಲ್ಲಿ ನಿಕೊಲಸ್ ಎಂಬ ಕ್ರೈಸ್ತ ಸನ್ಯಾಸಿಯನ್ನು ಕರೆಸಲಾಯಿತು. ಮುಸ್ಲಿಮ್ ವೈದ್ಯರು, ಯಹೂದಿ ವೈದ್ಯ ಹಸ್ದಾಯ್ ಇಬ್ನು ಶಪ್ರೂತ್ ಮತ್ತು ಆ ಸನ್ಯಾಸಿ ಒಟ್ಟಿಗೆ ಕುಳಿತು ಒಂದೊಂದೇ ಗಿಡವನ್ನು ಗುರುತಿಸಿದರು ಎಂದು ಇಬ್ನು ಜುಲ್ಜುಲ್ ದಾಖಲಿಸಿದ್ದಾರೆ. ಜ್ಞಾನವು ಯಾರ ಬಳಿಯಿದ್ದರೂ ಅದನ್ನು ಕೇಳಿ ಪಡೆಯಲು ಅವರು ಹಿಂಜರಿಯಲಿಲ್ಲ.

ಗಿಡದ ಗುರುತು ಸಿಕ್ಕಿದೊಡನೆ ಅದರ ಗುಣ ಸಾಬೀತಾಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಹಿಜರಿ 313ರಲ್ಲಿ (ಕ್ರಿ.ಶ. 925) ನಿಧನರಾದ ಅಬೂಬಕರ್ ಅಲ್ ರಾಝಿಯವರು 'ಅಲ್ ಹಾವಿ' ಎಂಬ ತಮ್ಮ ಟಿಪ್ಪಣಿಗಳ ಸಂಗ್ರಹದಲ್ಲಿ ಮಿದುಳಿನ ಉರಿಯೂತವಾದ 'ಸರ್ಸಾಮ್' ಕುರಿತು ಬರೆಯುತ್ತಾ ಒಂದು ಪ್ರಯೋಗವನ್ನು ವಿವರಿಸುತ್ತಾರೆ. ತಲೆ ಮತ್ತು ಕತ್ತಿನ ನೋವು, ಬೆಳಕನ್ನು ಸಹಿಸಲಾಗದಿರುವುದು ಮೊದಲಾದ ಮುನ್ಸೂಚನೆಗಳಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ಅವರು ರಕ್ತ ಹೊರತೆಗೆಯುವ ಚಿಕಿತ್ಸೆ ನೀಡಿದರು. ಇನ್ನೊಂದು ಗುಂಪನ್ನು ಉದ್ದೇಶಪೂರ್ವಕವಾಗಿಯೇ ಹಾಗೆ ಬಿಟ್ಟರು. ತಮ್ಮ ಅಭಿಪ್ರಾಯದ ಕುರಿತಾದ ಸಂಶಯವನ್ನು ನಿವಾರಿಸಿಕೊಳ್ಳುವುದೇ ಉದ್ದೇಶವಾಗಿತ್ತು. ಚಿಕಿತ್ಸೆ ಪಡೆಯದವರು ರೋಗಕ್ಕೆ ತುತ್ತಾದರೆಂದು ಅವರು ಬರೆದಿದ್ದಾರೆ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಅಲ್ ರಾಝಿಯವರ ಈ ತೀರ್ಮಾನವನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಮಿದುಳಿನ ಸೋಂಕಿಗೆ ರಕ್ತ ತೆಗೆಯುವುದು ಮದ್ದಲ್ಲ. ಚಿಕಿತ್ಸೆ ನೀಡದೆ ಬಿಟ್ಟ ರೋಗಿಗಳ ಕುರಿತು ಇಂದಿನ ನೈತಿಕ ನಿಯಮಗಳು ಕಠಿಣ ಪ್ರಶ್ನೆಗಳನ್ನು ಕೇಳುತ್ತವೆ. ಅವರ ಉತ್ತರ ಉಳಿಯಲಿಲ್ಲ, ಅವರು ಕೇಳಿದ ರೀತಿ ಉಳಿಯಿತು. ಔಷಧ ಪಡೆದವರನ್ನು ಮಾತ್ರ ನೋಡಿದರೆ ಸಾಲದು, ಪಡೆಯದವರೊಂದಿಗೆ ಹೋಲಿಸಬೇಕು ಎಂಬುದೇ ಆ ರೀತಿ.

ಇಬ್ನು ಸೀನಾರ ಏಳು ಷರತ್ತುಗಳು

ಅಲ್ ರಾಝಿಯವರ ಬಳಿಕ ಒಂದು ಶತಮಾನ ಕಳೆಯುವಷ್ಟರಲ್ಲಿ ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥವನ್ನು ರಚಿಸಿದರು. ಅದರ ಎರಡನೆಯ ಸಂಪುಟ ಒಂಟಿ ಔಷಧಗಳಿಗೆ ಮೀಸಲು. ಗಿಡಗಳ ಪಟ್ಟಿಗೆ ಮುನ್ನ ಅವರು ಒಂದು ಮೂಲಭೂತ ಪ್ರಶ್ನೆಯನ್ನು ಎತ್ತುತ್ತಾರೆ: ಔಷಧದ ಗುಣವನ್ನು ನಾವು ತಿಳಿಯುವುದು ಹೇಗೆ? ಅದಕ್ಕೆ ಎರಡು ದಾರಿಗಳಿವೆ, ಒಂದು ಅನುಮಾನ (ಕಿಯಾಸ್), ಇನ್ನೊಂದು ಪ್ರಯೋಗ (ತಜ್‌ರಿಬಾ). ಪ್ರಯೋಗವನ್ನು ನೆಚ್ಚಬೇಕಾದರೆ ಏಳು ಷರತ್ತುಗಳು ಈಡೇರಬೇಕೆಂದು ಅವರು ವಿಧಿಸುತ್ತಾರೆ. ಇದರ ಬೀಜಗಳು ಗ್ರೀಕ್ ವೈದ್ಯ ಗ್ಯಾಲೆನನ ಬರಹಗಳಲ್ಲಿವೆ. ಅವನ್ನು ಒಂದು ಶಿಸ್ತಾಗಿ ಜೋಡಿಸಿದ್ದು ಇಬ್ನು ಸೀನಾರ ಸಾಧನೆ.

ಆ ಷರತ್ತುಗಳ ಸಾರಾಂಶ ಹೀಗಿದೆ. ಒಂದು, ಔಷಧವು ಹೊರಗಿನಿಂದ ಸೇರಿದ ಗುಣಗಳಿಂದ ಮುಕ್ತವಾಗಿರಬೇಕು. ಎರಡು, ಹಲವು ರೋಗಗಳು ಬೆರೆತ ದೇಹದಲ್ಲಲ್ಲದೆ ಒಂದೇ ರೋಗವಿರುವಲ್ಲಿ ಅದನ್ನು ಪರೀಕ್ಷಿಸಬೇಕು. ಮೂರು, ಪರಸ್ಪರ ವಿರುದ್ಧ ಸ್ವಭಾವದ ರೋಗಗಳಲ್ಲಿ ಪ್ರಯೋಗಿಸಬೇಕು. ಗುಣವಾದದ್ದು ಔಷಧದ ನೇರ ಶಕ್ತಿಯಿಂದಲೋ ಬೇರೆ ಕಾರಣದಿಂದಲೋ ಎಂದು ಆಗ ತಿಳಿಯುವುದು. ನಾಲ್ಕು, ಔಷಧದ ಬಲವು ರೋಗದ ಬಲಕ್ಕೆ ತಕ್ಕಷ್ಟಿರಬೇಕು. ದುರ್ಬಲವಾದುದರಿಂದ ಆರಂಭಿಸಿ ಕ್ರಮೇಣ ಮುಂದುವರಿಯಬೇಕು. ಐದು, ಪರಿಣಾಮ ಯಾವ ಹೊತ್ತಿನಲ್ಲಿ ಕಾಣಿಸಿತೆಂದು ಗಮನಿಸಬೇಕು. ಆರು, ಆ ಪರಿಣಾಮ ಯಾವಾಗಲೂ ಅಥವಾ ಬಹುತೇಕ ಸಂದರ್ಭಗಳಲ್ಲಿ ಕಾಣಿಸಬೇಕು, ಇಲ್ಲವಾದರೆ ಅದನ್ನು ಆಕಸ್ಮಿಕವೆಂದೇ ತಿಳಿಯಬೇಕು. ಏಳು, ಪ್ರಯೋಗ ಮನುಷ್ಯದೇಹದ ಮೇಲೆಯೇ ನಡೆಯಬೇಕು. ಸಿಂಹದಲ್ಲೋ ಕುದುರೆಯಲ್ಲೋ ಕಂಡದ್ದು ಮನುಷ್ಯನಲ್ಲಿಯೂ ಹಾಗೆಯೇ ಆಗಬೇಕೆಂದಿಲ್ಲ.

ಶೀತ, ಉಷ್ಣ, ದೇಹರಸಗಳೆಂಬ ಅವರ ಕಾಲದ ಶರೀರ ಸಿದ್ಧಾಂತವನ್ನು ಇಂದು ಯಾವ ಪ್ರಯೋಗಾಲಯವೂ ಬಳಸುವುದಿಲ್ಲ. ಆದರೂ ಶುದ್ಧತೆ, ಪ್ರಮಾಣ, ಕಾಲ, ಪುನರಾವರ್ತನೆ, ಮಾನವ ಪರೀಕ್ಷೆ ಎಂಬ ಬೇಡಿಕೆಗಳು ಹಳತಾಗಿಲ್ಲ.

ಇದೇ ಮನೋಭಾವವನ್ನು ಎರಡು ಶತಮಾನಗಳ ಬಳಿಕ ಇಬ್ನುಲ್ ಬೈತಾರ್‌ರಲ್ಲಿ ಕಾಣುತ್ತೇವೆ. ಸ್ಪೇನಿನ ಮಾಲಗಾದಲ್ಲಿ ಹುಟ್ಟಿ, ಉತ್ತರ ಆಫ್ರಿಕಾದುದ್ದಕ್ಕೂ ಗಿಡ ಹುಡುಕುತ್ತ ಸಾಗಿ, ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್‌ರ ಬಳಿ ಔಷಧಸಸ್ಯ ತಜ್ಞರ ಮುಖ್ಯಸ್ಥರಾಗಿ, ಹಿಜರಿ 646ರಲ್ಲಿ (ಕ್ರಿ.ಶ. 1248) ದಮಸ್ಕಸ್‌ನಲ್ಲಿ ಅವರು ನಿಧನರಾದರು. ಅವರ 'ಅಲ್ ಜಾಮಿಅ್' ಕೋಶದಲ್ಲಿ 1400ಕ್ಕೂ ಹೆಚ್ಚು ಔಷಧ ಮತ್ತು ಆಹಾರ ಪದಾರ್ಥಗಳ ವಿವರಗಳಿವೆ. ಪೂರ್ವಿಕರ ಮಾತನ್ನು ಅವರು ಹೆಸರು ಸಹಿತ ಉದ್ಧರಿಸುತ್ತಾರೆ. ಜೊತೆಗೆ, ಸ್ವತಃ ನೋಡಿ ದೃಢಪಟ್ಟದ್ದನ್ನೇ ಅವಲಂಬಿಸಿದೆ ಎಂಬ ನಿಲುವನ್ನು ಮುನ್ನುಡಿಯಲ್ಲೇ ಸ್ಪಷ್ಟಪಡಿಸುತ್ತಾರೆ. ಹಿರಿಯರ ಮೇಲಿನ ಗೌರವ ಮತ್ತು ಹಿರಿಯರ ಮಾತಿನ ಪರಿಶೀಲನೆ ಅವರಲ್ಲಿ ಒಂದಕ್ಕೊಂದು ಅಡ್ಡಿಯಾಗಲಿಲ್ಲ.

ಸೂರಂಜಾನ್ ಎಂಬ ಗೆಡ್ಡೆಯ ಕಥೆ

ಈ ಷರತ್ತುಗಳು ಬರಿಯ ಸಿದ್ಧಾಂತವಲ್ಲ ಎಂಬುದಕ್ಕೆ ಒಂದು ಗಿಡದ ಚರಿತ್ರೆಯನ್ನು ನೋಡೋಣ. ಯುನಾನಿ ವೈದ್ಯರು 'ಸೂರಂಜಾನ್' ಎನ್ನುವ ಈ ಗೆಡ್ಡೆ ಕಾಲ್ಚಿಕಮ್ ಜಾತಿಯ ಸಸ್ಯಗಳದ್ದು. ಅದರ ಒಂದು ಬಗೆ ಕಾಶ್ಮೀರ ಮತ್ತು ಪಶ್ಚಿಮ ಹಿಮಾಲಯದ ಇಳಿಜಾರುಗಳಲ್ಲಿ ಹಳದಿ ಹೂ ಬಿಡುತ್ತದೆ. ಡಯೋಸ್ಕೊರಿಡೀಸನು ಕಾಲ್ಚಿಕಮನ್ನು ವಿಷವೆಂದೇ ತಿಳಿದಿದ್ದನು. 6ನೇ ಶತಮಾನದಲ್ಲಿ ಟ್ರಾಲೆಸ್‌ನ ಅಲೆಕ್ಸಾಂಡರ್ ಎಂಬ ಬೈಝಾಂಟೈನ್ ವೈದ್ಯ 'ಹರ್ಮೊಡಾಕ್ಟಿಲ್' ಎಂಬ ಹೆಸರಿನಲ್ಲಿ ಈ ಬಗೆಯ ಗೆಡ್ಡೆಯನ್ನು ಕೀಲುನೋವಿಗೆ ಬಳಸಿದನು. ಅರಬೀ ವೈದ್ಯರು ಅದನ್ನು ಉಳಿಸಿ ಬೆಳೆಸಿದರು. ಅವರಲ್ಲಿ 'ನಿಕ್ರಿಸ್' ಎನಿಸಿಕೊಂಡಿದ್ದ, ನಾವಿಂದು ಗೌಟ್ ಎನ್ನುವ ರೋಗಕ್ಕೆ ಸೂರಂಜಾನ್ ಪ್ರಮುಖ ಮದ್ದಾಯಿತು.

ಅವರು ಮದ್ದನ್ನು ಮಾತ್ರವಲ್ಲ, ಎಚ್ಚರಿಕೆಯನ್ನೂ ದಾಟಿಸಿದರು ಎಂಬುದು ಗಮನಾರ್ಹ. ಸೂರಂಜಾನಿನಲ್ಲಿ ಸಿಹಿ (ಶೀರೀನ್) ಮತ್ತು ಕಹಿ (ತಲ್ಖ್) ಎಂಬ ಭೇದ ಮಾಡಿ, ಸಿಹಿಯನ್ನು ಸೇವನೆಗೂ ಕಹಿಯನ್ನು ಮುಖ್ಯವಾಗಿ ಮೇಲೆ ಹಚ್ಚುವ ಲೇಪಕ್ಕೂ ಇಟ್ಟರು. ಅದು ಜಠರಕ್ಕೆ ಹಾನಿಕರವೆಂದು ತಿಳಿದು, ಬೇರೆ ದ್ರವ್ಯಗಳೊಂದಿಗೆ ಬೆರೆಸಿ ಕೊಟ್ಟರು. ಮಅಜೂನ್ ಸೂರಂಜಾನ್ ಮತ್ತು ಹಬ್ಬೆ ಸೂರಂಜಾನ್ ಇಂದಿಗೂ ನಮ್ಮ ಯುನಾನಿ ಅಂಗಡಿಗಳಲ್ಲಿ ದೊರೆಯುತ್ತವೆ.

ಯುರೋಪಿನಲ್ಲಿ ಅದರ ಭಾಗ್ಯ ಏರಿಳಿಯಿತು. 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಸಿಡನ್‌ಹ್ಯಾಮ್ ಸ್ವತಃ ಗೌಟ್ ರೋಗಿಯಾಗಿದ್ದರೂ ಇಂತಹ ಭೇದಿಕಾರಕ ಮದ್ದುಗಳನ್ನು ತಿರಸ್ಕರಿಸಿದನು. 1763ರಲ್ಲಿ ವಿಯೆನ್ನಾದ ಆಂಟನ್ ಫಾನ್ ಸ್ಟೋರ್ಕ್ ಅದನ್ನು ಮತ್ತೆ ಪರೀಕ್ಷೆಗೆ ತಂದನು. ಆ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಹುಸ್ಸೋನ್ ಎಂಬಾತ ಗುಟ್ಟಿನ ದ್ರವವೊಂದನ್ನು ಗೌಟ್‌ಗೆ ಮಾರುತ್ತಿದ್ದನು. ಅದರ ಒಳಗಿನ ವಸ್ತು ಕಾಲ್ಚಿಕಮ್ ಎಂದು 1814ರಲ್ಲಿ ಜಾನ್ ವಾಂಟ್ ಎಂಬವನು ತೋರಿಸಿಕೊಟ್ಟನು. 1820ರಲ್ಲಿ ಪ್ಯಾರಿಸಿನ ಪೆಲ್ಟಿಯೆ ಮತ್ತು ಕಾವಾಂಟು ಅದರ ಸಕ್ರಿಯ ಸಾರವನ್ನು ಬೇರ್ಪಡಿಸಿದರು, 1833ರಲ್ಲಿ ಗೈಗರ್ ಅದಕ್ಕೆ ಕಾಲ್ಚಿಸಿನ್ ಎಂದು ಹೆಸರಿಟ್ಟನು.

ಅದು ಕೆಲಸ ಮಾಡುವ ಬಗೆ ಈಗ ಸಾಕಷ್ಟು ತಿಳಿದಿದೆ. ಗೌಟ್‌ನಲ್ಲಿ ಯೂರಿಕ್ ಆಮ್ಲದ ಹರಳುಗಳು ಕೀಲಿನೊಳಗೆ ಸೇರುತ್ತವೆ. ಅವನ್ನು ಶತ್ರುವೆಂದು ಭಾವಿಸಿ ಬಿಳಿ ರಕ್ತಕಣಗಳು ಮುತ್ತಿಗೆ ಹಾಕುವುದರಿಂದ ಕೀಲು ಕೆಂಪಾಗಿ ಊದಿಕೊಳ್ಳುತ್ತದೆ. ಜೀವಕೋಶದ ಒಳಗಿನ ಸೂಕ್ಷ್ಮ ನಳಿಕೆಗಳನ್ನು ಕಟ್ಟುವ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಕಾಲ್ಚಿಸಿನ್ ಅಂಟಿಕೊಂಡು ಆ ಕಣಗಳ ಚಲನೆಯನ್ನು ಕುಂಠಿತಗೊಳಿಸುತ್ತದೆ. ಯೂರಿಕ್ ಆಮ್ಲವನ್ನು ಅದು ಕಡಿಮೆ ಮಾಡುವುದಿಲ್ಲ, ಉರಿಯೂತವನ್ನು ತಣಿಸುತ್ತದೆ. ಅಂದರೆ ಬಾವನ್ನು ಇಳಿಸುವ ಮದ್ದೆಂದು ಪೂರ್ವಿಕರು ಅದನ್ನು ಗುರುತಿಸಿದ್ದು ಸರಿಯಾಗಿಯೇ ಇತ್ತು.

ಹೋಲಿಕೆ ಏಕೆ ಬೇಕು?

ಇಷ್ಟು ದೀರ್ಘ ಬಳಕೆಯ ಬಳಿಕವೂ ಪರೀಕ್ಷೆ ಏಕೆ ಎಂದು ಕೇಳಬಹುದು. ಗೌಟ್‌ನ ಸ್ವಭಾವದಲ್ಲೇ ಇದಕ್ಕೆ ಉತ್ತರವಿದೆ. ಅದರ ತೀವ್ರ ನೋವು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ದಿನಗಳಲ್ಲಿ ಯಾವ ಪುಡಿ ಕೊಟ್ಟರೂ, ಯಾವ ಎಣ್ಣೆ ಹಚ್ಚಿದರೂ, ಗುಣವಾದದ್ದು ಅದರಿಂದಲೇ ಎಂದು ರೋಗಿ ನಂಬುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನ ಬಳಿ ಹೋಲಿಕೆಗೆ ಏನೂ ಇಲ್ಲ, ಅಷ್ಟೆ. ಬೇಕಾದ ಪರಿಣಾಮವನ್ನು ಆಕಸ್ಮಿಕದಿಂದ ಬೇರ್ಪಡಿಸಬೇಕೆಂದು ಇಬ್ನು ಸೀನಾ ಎಚ್ಚರಿಸಿದ್ದು ಇಂತಹ ಸಂದರ್ಭಕ್ಕಾಗಿಯೇ.

ತೀವ್ರ ಗೌಟ್‌ನಲ್ಲಿ ಕಾಲ್ಚಿಸಿನ್‌ನ ಮೊದಲ ತುಲನಾತ್ಮಕ ಪರೀಕ್ಷೆಯ ವರದಿ ಪ್ರಕಟವಾದದ್ದು 1987ರಲ್ಲಿ, ಆಸ್ಟ್ರೇಲಿಯಾದಲ್ಲಿ. 43 ರೋಗಿಗಳಲ್ಲಿ ಕೆಲವರಿಗೆ ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ನೀಡಲಾಯಿತು. 48 ಗಂಟೆಗಳಲ್ಲಿ ಔಷಧ ಪಡೆದವರಲ್ಲಿ ಮೂರನೇ ಎರಡು ಭಾಗದಷ್ಟು ಮಂದಿ ಚೇತರಿಸಿಕೊಂಡರು. ಔಷಧವಿಲ್ಲದ ಮಾತ್ರೆ ಪಡೆದವರಲ್ಲೂ ಮೂರನೇ ಒಂದು ಭಾಗದಷ್ಟು ಮಂದಿ ಚೇತರಿಸಿಕೊಂಡರು! ಪುಡಿ ಮಾರುವವನ ಬಳಿ ಸಾಕ್ಷಿಗಳಿಗೆ ಕೊರತೆಯಿಲ್ಲದಿರುವುದು ಏಕೆಂದು ಈ ಒಂದು ಸಂಖ್ಯೆಯೇ ವಿವರಿಸುತ್ತದೆ. ಅದೇ ಪರೀಕ್ಷೆಯಲ್ಲಿ ಕಾಲ್ಚಿಸಿನ್ ಪಡೆದ ಪ್ರತಿಯೊಬ್ಬರೂ ಭೇದಿ ಅಥವಾ ವಾಂತಿಯಿಂದ ಬಳಲಿದರು. ಜಠರಕ್ಕೆ ಹಾನಿಯೆಂದು ಹಕೀಮರು ಬರೆದ ಎಚ್ಚರಿಕೆ ಹುಸಿಯಾಗಿರಲಿಲ್ಲ.

2010ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಪ್ರಮಾಣದ ಪ್ರಶ್ನೆಯನ್ನು ಎತ್ತಿಕೊಂಡಿತು. 184 ರೋಗಿಗಳಲ್ಲಿ ಒಂದು ಗುಂಪಿಗೆ ಒಟ್ಟು 1.8 ಮಿಲಿಗ್ರಾಂ, ಇನ್ನೊಂದಕ್ಕೆ 4.8 ಮಿಲಿಗ್ರಾಂ, ಮೂರನೆಯದಕ್ಕೆ ಔಷಧವಿಲ್ಲದ ಮಾತ್ರೆ ನೀಡಲಾಯಿತು. ಒಂದು ದಿನದೊಳಗೆ ನೋವು ಅರ್ಧಕ್ಕಿಳಿದವರು ಕಡಿಮೆ ಪ್ರಮಾಣದ ಗುಂಪಿನಲ್ಲಿ ಸುಮಾರು ಶೇ. 38, ಹೆಚ್ಚಿನ ಪ್ರಮಾಣದಲ್ಲಿ ಶೇ. 33, ಔಷಧವಿಲ್ಲದವರಲ್ಲಿ ಶೇ. 16. ಭೇದಿಯಾದವರು ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶೇ. 77, ಕಡಿಮೆಯದರಲ್ಲಿ ಶೇ. 23. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬ ನಂಬಿಕೆ ಬಿದ್ದುಹೋಯಿತು. ದುರ್ಬಲವಾದುದರಿಂದ ಆರಂಭಿಸಬೇಕೆಂಬ ನಾಲ್ಕನೆಯ ಷರತ್ತನ್ನು ಆಲಿಸಿದ್ದರೆ ಎಷ್ಟು ರೋಗಿಗಳ ಸಂಕಟ ತಪ್ಪುತ್ತಿತ್ತೋ!

ಇದೇ ವಸ್ತು ಮತ್ತೊಂದು ರೋಗದಲ್ಲಿ ಇನ್ನೂ ದೊಡ್ಡ ಉಪಕಾರ ಮಾಡಿತು. ಮೆಡಿಟರೇನಿಯನ್ ಕೌಟುಂಬಿಕ ಜ್ವರವೆಂಬ ಆನುವಂಶಿಕ ಕಾಯಿಲೆ ತುರ್ಕಿಯರು, ಅರಬರು, ಅರ್ಮೇನಿಯನ್ನರು ಮತ್ತು ಯಹೂದಿಗಳಲ್ಲಿ ಹೆಚ್ಚು. ಜ್ವರ, ಹೊಟ್ಟೆ ಮತ್ತು ಎದೆಯ ಉರಿಯೂತ ಮರಳಿ ಮರಳಿ ಬಂದು ಕೊನೆಗೆ ಮೂತ್ರಪಿಂಡವನ್ನೇ ಕೆಡಿಸುತ್ತಿತ್ತು. 1972ರಲ್ಲಿ ಸ್ಟೀಫನ್ ಗೋಲ್ಡ್‌ಫಿಂಗರ್ ಎಂಬ ವೈದ್ಯರು ಕಾಲ್ಚಿಸಿನ್ ಅದನ್ನು ತಡೆಯುತ್ತದೆಂದು ತಿಳಿಸಿದರು. 1974ರಲ್ಲಿ ಪ್ರಕಟವಾದ ತುಲನಾತ್ಮಕ ಪರೀಕ್ಷೆಗಳು ಅದನ್ನು ದೃಢಪಡಿಸಿದವು. ಇಂದಿಗೂ ಅದೇ ಆ ರೋಗದ ಮುಖ್ಯ ಔಷಧ.

ಹಾಗೆಂದು ಪರೀಕ್ಷೆ ಯಾವಾಗಲೂ 'ಹೌದು' ಎನ್ನುವುದಿಲ್ಲ. ಕೋವಿಡ್ ಕಾಲದಲ್ಲಿ ಬ್ರಿಟನ್ ಕೇಂದ್ರಿತವಾದ ಮಹಾಪರೀಕ್ಷೆಯೊಂದು ಆಸ್ಪತ್ರೆ ಸೇರಿದ 11,340 ರೋಗಿಗಳಲ್ಲಿ ಕಾಲ್ಚಿಸಿನನ್ನು ಪರೀಕ್ಷಿಸಿತು. 28 ದಿನಗಳಲ್ಲಿ ಮರಣ ಹೊಂದಿದವರು ಎರಡೂ ಗುಂಪಿನಲ್ಲಿ ಶೇ. 21. ಪ್ರಯೋಜನವಿರಲಿಲ್ಲ. ಹೃದಯಾಘಾತದ ಬಳಿಕ ನೀಡಿದಾಗ 2019ರಲ್ಲಿ 4,745 ರೋಗಿಗಳ ಪರೀಕ್ಷೆಯಲ್ಲಿ ಲಾಭ ಕಂಡಿತು. 2024ರಲ್ಲಿ 7,062 ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಕಾಣಲಿಲ್ಲ. ಪರಿಣಾಮ ಬಹುತೇಕ ಸಂದರ್ಭಗಳಲ್ಲಿ ಕಾಣಿಸಬೇಕೆಂಬ ಆರನೆಯ ಷರತ್ತು ಇಲ್ಲಿ ನಮಗೆ ತಾಳ್ಮೆಯನ್ನು ಕಲಿಸುತ್ತದೆ.

ಇಲಿಯ ಪಾದ ಮತ್ತು ಮನುಷ್ಯನ ದೇಹ

ಇಂದು ಒಂದು ಗಿಡವು ಉರಿಯೂತ ಶಮನಕಾರಿ ಎಂದು ಸಾಬೀತಾಗಿದೆ ಎಂಬ ಸುದ್ದಿಯನ್ನು ಓದಿದಾಗ ಅದರ ಹಿಂದೆ ಹೆಚ್ಚಾಗಿ ಇರುವುದು ಒಂದೇ ಬಗೆಯ ಪರೀಕ್ಷೆ. ಕಡಲ ಪಾಚಿಯಿಂದ ದೊರೆಯುವ ಕ್ಯಾರಜೀನನ್ ಎಂಬ ವಸ್ತುವನ್ನು ಇಲಿಯ ಪಾದಕ್ಕೆ ಚುಚ್ಚಿ, ಪಾದ ಊದುವುದನ್ನು ಅಳೆಯುತ್ತಾರೆ. ಗಿಡದ ಸಾರವನ್ನು ಮೊದಲೇ ಪಡೆದ ಇಲಿಗಳಲ್ಲಿ ಊತ ಎಷ್ಟು ಕಡಿಮೆಯಾಯಿತೆಂದು ಹೋಲಿಸುತ್ತಾರೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ ಉಪಯುಕ್ತ. ಯಾವ ಗಿಡವನ್ನು ಮುಂದೆ ಪರೀಕ್ಷಿಸಬೇಕೆಂದು ಆರಿಸಲು ನೆರವಾಗುತ್ತದೆ. ಆದರೆ ಅದು ಮೊದಲ ಮೆಟ್ಟಿಲು ಮಾತ್ರ. ಸಿಂಹ ಮತ್ತು ಕುದುರೆಯ ಹೆಸರೆತ್ತಿ ಇಬ್ನು ಸೀನಾ ಸಾವಿರ ವರ್ಷಗಳ ಹಿಂದೆ ಹೇಳಿದ್ದು ಇಲಿಗೂ ಅನ್ವಯಿಸುತ್ತದೆ.

ನಮಗೆಲ್ಲ ಪ್ರಿಯವಾದ ಕರಿಜೀರಿಗೆಯನ್ನು (ಕಲೋಂಜಿ) ಈ ಬೆಳಕಿನಲ್ಲಿ ನೋಡಬೇಕು. ಮರಣದ ಹೊರತು ಎಲ್ಲ ರೋಗಗಳಿಗೂ ಅದರಲ್ಲಿ ಶಮನವಿದೆ ಎಂಬ ಆಶಯದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಅದನ್ನು ಸತ್ಯವಿಶ್ವಾಸಿಗಳಾದ ನಾವು ಸ್ವೀಕರಿಸುತ್ತೇವೆ. ಅದನ್ನು ಹೇಗೆ ಅರ್ಥೈಸಬೇಕು ಎಂಬುದರಲ್ಲಿ ಮಾತ್ರ ವಿದ್ವಾಂಸರು ಚರ್ಚಿಸಿದ್ದಾರೆ. ಇಲ್ಲಿನ ಪದ ಸಾಮಾನ್ಯವಾಗಿದ್ದರೂ ಅದರ ಉದ್ದೇಶ ನಿರ್ದಿಷ್ಟ ಬಗೆಯ ರೋಗಗಳೆಂದು ಹದೀಸ್ ವ್ಯಾಖ್ಯಾನಕಾರ ಅಲ್ ಖತ್ತಾಬಿ ವಿವರಿಸಿದ್ದಾರೆ. ಬುಖಾರಿಯಲ್ಲೇ ಈ ಹದೀಸಿನೊಂದಿಗೆ ಒಂದು ಘಟನೆಯಿದೆ. ಪ್ರಯಾಣದಲ್ಲಿ ಗಾಲಿಬ್ ಇಬ್ನು ಅಬ್ಜರ್ ಅಸ್ವಸ್ಥರಾದಾಗ ಇಬ್ನು ಅಬೀ ಅತೀಕ್ ಬಂದು, ಐದು ಅಥವಾ ಏಳು ಕಾಳುಗಳನ್ನು ಅರೆದು ಆಲಿವ್ ಎಣ್ಣೆಯೊಂದಿಗೆ ಮೂಗಿನ ಹೊಳ್ಳೆಗಳಿಗೆ ಹನಿಸುವಂತೆ ಸೂಚಿಸಿದರು. ಆ ತಲೆಮಾರಿನವರು ಕರಿಜೀರಿಗೆಯನ್ನು ಪ್ರಮಾಣವಿರುವ, ವಿಧಾನವಿರುವ ಮದ್ದಾಗಿ ಬಳಸಿದರೆಂಬುದು ಇದರಿಂದ ತಿಳಿಯುತ್ತದೆ.

ಅದರಲ್ಲಿರುವ ಥೈಮೋಕ್ವಿನೋನ್ ಎಂಬ ವಸ್ತು ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ತಡೆಯುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಆಶಾದಾಯಕವಾಗಿದ್ದರೂ ಬಹುತೇಕ ಚಿಕ್ಕವು. ಆದ್ದರಿಂದ ಕರಿಜೀರಿಗೆಯನ್ನು ಬಳಸುವವನು ಬಳಸಲಿ. ಆದರೆ ಅದರ ಹೆಸರಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವಂತೆ, ಡಯಾಲಿಸಿಸ್ ನಿಲ್ಲಿಸುವಂತೆ ಇನ್ನೊಬ್ಬರಿಗೆ ಉಪದೇಶಿಸುವುದು ಹದೀಸಿನ ಮೇಲಿನ ಗೌರವವಲ್ಲ. ಅದರಿಂದ ಹಾನಿಯಾದಾಗ ಜನರು ದೂರುವುದು ಸಂದೇಶ ಕಳುಹಿಸಿದವನನ್ನಲ್ಲ, ಧರ್ಮವನ್ನು.

ವೈದ್ಯಕೀಯ ಹದೀಸ್‌ಗಳ ಸ್ಥಾನದ ಕುರಿತು ನಮ್ಮ ಹಿರಿಯರಲ್ಲೇ ಭಿನ್ನ ದೃಷ್ಟಿಗಳಿದ್ದವು. ಇಬ್ನುಲ್ ಖಯ್ಯಿಮ್ ಪ್ರವಾದಿ ವೈದ್ಯಕ್ಕೆ ಉನ್ನತ ಸ್ಥಾನ ನೀಡಿ ವಿಸ್ತಾರವಾಗಿ ಬರೆದರು. ಇಬ್ನು ಖಲ್ದೂನರು ತಮ್ಮ 'ಮುಖದ್ದಿಮಾ'ದಲ್ಲಿ, ಪ್ರವಾದಿವರ್ಯರು(ಸ) ಶರೀಅತ್ ಕಲಿಸಲು ನಿಯುಕ್ತರಾದವರೇ ಹೊರತು ವೈದ್ಯಶಾಸ್ತ್ರ ಕಲಿಸಲು ಅಲ್ಲವೆಂದು ವಾದಿಸಿ, ಖರ್ಜೂರದ ಪರಾಗಸ್ಪರ್ಶದ ಪ್ರಸಂಗವನ್ನು ನೆನಪಿಸಿದರು. ಯಾವ ದೃಷ್ಟಿಯನ್ನು ಒಪ್ಪಿದರೂ, ಅರಿಯದೆ ಚಿಕಿತ್ಸೆ ನೀಡಲು ಇಬ್ಬರಲ್ಲಿ ಯಾರೂ ಅನುಮತಿ ನೀಡಿಲ್ಲ.

ದೆಹಲಿಯಿಂದ ಬೆಂಗಳೂರಿಗೆ

ಈ ಪರಂಪರೆ ಭಾರತದಲ್ಲಿ ಹೊಸ ರೂಪ ತಳೆದದ್ದು ಹಕೀಮ್ ಅಜ್ಮಲ್ ಖಾನ್‌ರ ಕಾಲದಲ್ಲಿ. ದೆಹಲಿಯ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರವರಿಯಲ್ಲಿ ಗಾಂಧೀಜಿ ಉದ್ಘಾಟಿಸಿದರು. ಪಾರಂಪರಿಕ ಮದ್ದುಗಳನ್ನು ಆಧುನಿಕ ರಸಾಯನಶಾಸ್ತ್ರದ ಮೂಲಕ ಪರಿಶೀಲಿಸಬೇಕೆಂಬುದು ಹಕೀಮರ ಹಂಬಲವಾಗಿತ್ತು. ಅದಕ್ಕಾಗಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕಲಿತ ಸಲೀಮುಝ್ಝಮಾನ್ ಸಿದ್ದೀಕಿ (1897-1994) ಎಂಬ ಯುವಕನನ್ನು ಆರಿಸಿಕೊಂಡರು. 1927ರ ಡಿಸೆಂಬರ್‌ನಲ್ಲಿ ಹಕೀಮರು ನಿಧನರಾದರು. ಆದರೆ ಕೆಲಸ ನಿಲ್ಲಲಿಲ್ಲ. 1931ರಲ್ಲಿ ಸಿದ್ದೀಕಿಯವರು ಸರ್ಪಗಂಧದ ಬೇರಿನಿಂದ ಹಲವು ಸಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಗುರುವಿನ ನೆನಪಿನಲ್ಲಿ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೃದಯದ ಬಡಿತದ ಒಂದು ಅಪಾಯಕಾರಿ ದೋಷವನ್ನು ಪತ್ತೆಹಚ್ಚಲು ಅದು ಇಂದಿಗೂ ಬಳಕೆಯಲ್ಲಿದೆ. 1942ರಲ್ಲಿ ಅವರು ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್‌ಗಳನ್ನು ಬೇರ್ಪಡಿಸಿದರು. ನಿಂಬಿಡಿನ್ ಇಲಿಗಳಲ್ಲಿ ಉರಿಯೂತವನ್ನು ತಗ್ಗಿಸುತ್ತದೆಂದು ಬಳಿಕ ಇತರ ಸಂಶೋಧಕರು ತೋರಿಸಿದರು.

ನಮ್ಮ ಬೆಂಗಳೂರಿನಲ್ಲಿಯೇ 2004ರಿಂದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಕಾರ್ಯನಿರ್ವಹಿಸುತ್ತಿದೆ. ಯುನಾನಿ ಮದ್ದುಗಳನ್ನು ಪ್ರಯೋಗಾಲಯದಲ್ಲೂ ರೋಗಿಗಳಲ್ಲೂ ಪರೀಕ್ಷಿಸಿ ಪ್ರಬಂಧ ಬರೆಯುವ ಸ್ನಾತಕೋತ್ತರ ವಿದ್ಯಾರ್ಥಿಗಳು ಅಲ್ಲಿದ್ದಾರೆ. ವಿಜ್ಞಾನ ಓದುವ ನಮ್ಮ ಮಕ್ಕಳು ಈ ಕ್ಷೇತ್ರವನ್ನು ಹಳೆಯ ಕಾಲದ್ದೆಂದು ಕಡೆಗಣಿಸಬಾರದು.

ಪರೀಕ್ಷೆಯ ಅಗತ್ಯ ನಮ್ಮ ಮನೆಯ ಬೇಲಿಯಲ್ಲೂ ಇದೆ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅರಳುವ ಕೆಂಪು ಹಳದಿಯ ಗೌರಿಹೂವಿನ (ಅಗ್ನಿಶಿಖೆ) ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವುದು ಅದೇ ಕಾಲ್ಚಿಸಿನ್. ನೆರೆಯ ತಮಿಳುನಾಡಿನಲ್ಲಿ ಅದರ ಬೀಜಕ್ಕಾಗಿ ಕೃಷಿ ಮಾಡುತ್ತಾರೆ. ಅದೇ ಗೆಡ್ಡೆಯನ್ನು ತಿಂದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಮಿಲಿಗ್ರಾಂ ಲೆಕ್ಕದಲ್ಲಿ ಔಷಧ, ಲೆಕ್ಕ ತಪ್ಪಿದರೆ ವಿಷ. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಇನ್ನೊಂದು ಅಪಾಯವಿದೆ. ಕೀಲುನೋವಿಗೆ ಶುದ್ಧ ಗಿಡಮೂಲಿಕೆಯೆಂದು ಮಾರಾಟವಾದ ಉತ್ಪನ್ನಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡ್ ಮತ್ತು ನೋವುನಿವಾರಕ ರಾಸಾಯನಿಕಗಳು ಪತ್ತೆಯಾಗಿವೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇಂತಹ ಉತ್ಪನ್ನಗಳ ಕುರಿತು ಸಾರ್ವಜನಿಕರನ್ನು ಎಚ್ಚರಿಸಿದ್ದರು. ಎರಡೇ ದಿನಗಳಲ್ಲಿ ನೋವು ಮಾಯವಾದಾಗ ರೋಗಿ ಗಿಡವನ್ನು ಹೊಗಳುತ್ತಾನೆ. ಒಳಗಿಂದೊಳಗೆ ಮೂಳೆ, ಜಠರ, ಸಕ್ಕರೆಯ ಪ್ರಮಾಣ ಕೆಡುತ್ತಿರುತ್ತದೆ. ಔಷಧವು ಹೊರಗಿನ ಗುಣಗಳಿಂದ ಮುಕ್ತವಾಗಿರಬೇಕೆಂಬ ಮೊದಲ ಷರತ್ತು ಇಲ್ಲಿ ಮುರಿದು ಬೀಳುತ್ತದೆ. ಇದು ವಂಚನೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಪ್ರವಾದಿವರ್ಯರು(ಸ), ಮೋಸ ಮಾಡುವವನು ನಮ್ಮವನಲ್ಲವೆಂದು ಸಾರಿದ್ದನ್ನು ಔಷಧ ಮಾರುವವರು ಮರೆಯಬಾರದು. ಇಸ್ಲಾಮೀ ನಗರಗಳಲ್ಲಿ ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬ್ ಔಷಧದಂಗಡಿಗಳನ್ನೂ ತಪಾಸಣೆ ಮಾಡುತ್ತಿದ್ದನು. 12ನೇ ಶತಮಾನದ ಅಲ್ ಶೈಝರಿಯವರು ಕಲಬೆರಕೆಯನ್ನು ಪತ್ತೆಹಚ್ಚುವ ವಿಧಾನಗಳನ್ನು ಅವನಿಗಾಗಿ ಬರೆದಿಟ್ಟಿದ್ದರು. ಪರೀಕ್ಷೆಯು ವಿದ್ವಾಂಸನ ಕುತೂಹಲ ಮಾತ್ರವಲ್ಲ, ಬಡ ರೋಗಿಯ ಹಕ್ಕೂ ಆಗಿತ್ತು.

ವೈದ್ಯಶಾಸ್ತ್ರದ ಪರಿಚಯವಿಲ್ಲದೆ ಚಿಕಿತ್ಸೆ ನೀಡುವವನು ಅದರ ಹಾನಿಗೆ ಹೊಣೆಗಾರನೆಂಬ ಆಶಯದ ಹದೀಸನ್ನು ಅಬೂದಾವೂದ್, ನಸಾಈ ಮತ್ತು ಇಬ್ನುಮಾಜ ವರದಿ ಮಾಡಿದ್ದಾರೆ. ಒಂದು ಸಂದೇಶವನ್ನು ಮುಂದಕ್ಕೆ ಕಳುಹಿಸುವ ಬೆರಳಿಗೂ ಈ ಹೊಣೆಯ ಪಾಲಿದೆಯೆಂದು ನಾವು ಭಯಪಡಬೇಕು. ಅಜ್ಜಿ ಹೇಳಿದ ಕಷಾಯವನ್ನು ತಿರಸ್ಕರಿಸಬೇಕಿಲ್ಲ. ಆದರೆ ವೈದ್ಯರ ಮುಂದೆ ಅದನ್ನು ಮುಚ್ಚಿಡಬಾರದು. ಏನನ್ನು, ಎಷ್ಟು, ಎಂದಿನಿಂದ ಸೇವಿಸುತ್ತಿದ್ದೇವೆಂದು ಹೇಳುವುದು ನಮ್ಮ ದೇಹವೆಂಬ ಅಮಾನತ್ತಿಗೆ ನಾವು ಸಲ್ಲಿಸುವ ನ್ಯಾಯ.

ಸೂರಂಜಾನ್ ಉಳಿದದ್ದು ಅದನ್ನು ಯಾರೋ ಹೊಗಳಿದ್ದರಿಂದಲ್ಲ. ಅದರ ಗುಣವನ್ನೂ ಅವಗುಣವನ್ನೂ ಬರೆದಿಟ್ಟವರು ಇದ್ದುದರಿಂದ, ಮತ್ತು ಬರೆದುದನ್ನು ಮತ್ತೆ ಪರೀಕ್ಷಿಸಿದವರು ಬಂದುದರಿಂದ. ಇನ್ನೆಷ್ಟು ಗಿಡಗಳು ಅಂತಹ ಕೈಗಳಿಗಾಗಿ ಕಾಯುತ್ತಿವೆಯೋ ಅಲ್ಲಾಹನೇ ಬಲ್ಲನು. ಅವನು ನಮ್ಮನ್ನು ಅರಿತವರ ಸಾಲಿನಲ್ಲಿ ಸೇರಿಸಲಿ, ಪ್ರಯೋಜನಕಾರಿ ಜ್ಞಾನವನ್ನು ದಯಪಾಲಿಸಲಿ, ರೋಗಪೀಡಿತರಿಗೆ ಶಿಫಾ ನೀಡಲಿ. ಆಮೀನ್.